ನಾಲ್ಕೂವರೆಯ ಅಲಾರಂ ತೆಗೆದುಹಾಕಿದ ಮೇಲೆ

ಬಾಗಲಕೋಟೆಯ ನವನಗರದಿಂದ ಆಪ್ತಸಲಹೆಗೆಂದು ನನ್ನ ಬಳಿ ಬಂದ ಇವರಿಗೆ 41 ವರ್ಷ. ಅವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ, ಹೆಸರಿನ ಬದಲು ‘ಅಕ್ಕ’ ಅಂತಲೇ ಕರೆಯುತ್ತೇನೆ. ಕಚೇರಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ. ಗಂಡನಿಗೆ ಹಳೇ ಊರಿನಲ್ಲಿ ಅಂಗಡಿ. ಮಗಳು ಪಿಯುಸಿ ಎರಡನೇ ವರ್ಷ, ಮಗ ಏಳನೇ ತರಗತಿ. ಜೊತೆಗೆ ಎಪ್ಪತ್ತು ದಾಟಿದ ಅತ್ತೆ.

ಕುಳಿತ ಕೂಡಲೇ ಅಂದರು: “ಮುಂಜಾನಿ ಆತಂದ್ರ ಎದಿ ಡವಡವ ಅಂತದರಿ ಮೇಡಮ್. ನಿನ್ನಿ ಹುಡುಗನ್ನ ಹೊಡದೆ. ಒಂದ ಸಾಕ್ಸ್ ಸಿಗಲಿಲ್ಲಂತ ಹೊಡದೆ ನೋಡ್ರಿ.” ಆಮೇಲೆ ಬಹಳ ಹೊತ್ತು ಅತ್ತರು. ನಾನು ಸುಮ್ನೆ ಕೂತಿದ್ದೆ.

ಎರಡು ತಿಂಗಳ ಹಿಂದೆ ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿದ್ದರಂತೆ. ನಸುಕಿನಲ್ಲೇ ಎದ್ದು ಧ್ಯಾನ, ವಾಕಿಂಗ್, ಡೈರಿ ಬರೆಯುವುದು. ಅದರಂತೆ ನಾಲ್ಕೂವರೆಗೆ ಅಲಾರಂ ಇಟ್ಟರು. ಒಂಬತ್ತು ದಿನ ನಡೆಯಿತು. ಹತ್ತನೇ ದಿನ ಏಳಲು ಆಗಲಿಲ್ಲ. ಅಲಾರಂ ಮಾತ್ರ ದಿನಾ ಬಡಿದುಕೊಳ್ಳುತ್ತಿತ್ತು, ಇವರು ದಿನಾ ಅದನ್ನು ಆರಿಸಿ ತಮ್ಮನ್ನೇ ಬೈದುಕೊಳ್ಳುತ್ತಿದ್ದರು. ರಾತ್ರಿ ಎಷ್ಟಕ್ಕೆ ಮಲಗ್ತೀರಿ ಅಂತ ಕೇಳಿದೆ. “ಹನ್ನೆರಡ ಆಗ್ತದರಿ.” ಅಂದರೆ ನಾಲ್ಕೂವರೆ ಗಂಟೆ ನಿದ್ದೆ. ಈ ವಯಸ್ಸಿಗೆ ಕನಿಷ್ಠ 7 ಗಂಟೆ ಬೇಕು. ಅಕ್ಕನಲ್ಲಿ ಶಿಸ್ತಿಗೆ ಕೊರತೆ ಇರಲಿಲ್ಲ, ನಿದ್ದೆಗೆ ಕೊರತೆ ಇತ್ತು.

ಆ ದಿನ ಎರಡೇ ಸಲಹೆ ಕೊಟ್ಟೆ. ಒಂದು, ನಾಲ್ಕೂವರೆಯ ಅಲಾರಂ ಇಲ್ಲೇ, ನನ್ನ ಮುಂದೆಯೇ ತೆಗೆದುಹಾಕಿ. ಇನ್ನೊಂದು, ಎದೆ ಡವಡವ ಅನ್ನುವುದಕ್ಕೆ ಮೊದಲು ವೈದ್ಯರನ್ನು ನೋಡಿ, ರಕ್ತ ತಪಾಸಣೆ ಮಾಡಿಸಿ. ರಕ್ತ ಕಡಿಮೆಯಾದರೂ, ಥೈರಾಯ್ಡ್ ಏರುಪೇರಾದರೂ ಹೀಗೇ ಆಗುತ್ತದೆ. ಬರೀ ಮನಸ್ಸಿನದ್ದು ಅಂತ ಮೊದಲೇ ತೀರ್ಮಾನಿಸುವುದು ನನಗೆ ಒಪ್ಪಿಗೆಯಿಲ್ಲ. ಅಕ್ಕನಿಗೆ ರಕ್ತ ಕಡಿಮೆ ಇತ್ತು, ವೈದ್ಯರು ಕಬ್ಬಿಣದ ಮಾತ್ರೆ ಬರೆದುಕೊಟ್ಟರು.

ಒಂದು ವಾರ ಮುಂಜಾನೆ ಏನೇನು ನಡೆಯುತ್ತದೋ ಬರೆದುಕೊಂಡು ಬನ್ನಿ ಅಂದಿದ್ದೆ. ಅಕ್ಕನಿಗೆ ಪುರುಸೊತ್ತು ಸಿಗಲಿಲ್ಲ, ಮಗಳೇ ಬರೆದಳು. ಅಮ್ಮ ಒದರಿದಾಗಲೆಲ್ಲ ಒಂದೊಂದು ಗೀಟು. ಸೋಮವಾರದ ಹಾಳೆಯಲ್ಲಿ 17 ಗೀಟು. ಅಕ್ಕ ಆ ಹಾಳೆ ನೋಡುತ್ತಾ ಕುಳಿತರು.

ಅದೇ ನೋಟ್‌ಬುಕ್ಕಿನಲ್ಲಿ ಇನ್ನೊಂದು ವಿಷಯ ಸಿಕ್ಕಿತು. ಹಾಸಿಗೆ ಬಿಡುವ ಮೊದಲೇ ಕೈಗೆ ಮೊಬೈಲ್. ರಾತ್ರಿ ಹನ್ನೊಂದಕ್ಕೆ ಕಚೇರಿ ಗ್ರೂಪಿಗೆ ಬಂದ ಮೆಸೇಜನ್ನು ಕಣ್ಣು ಬಿಟ್ಟ ಕೂಡಲೇ ಓದುವುದು. ಎದ್ದ ಮೊದಲ ಅರ್ಧ, ಮುಕ್ಕಾಲು ಗಂಟೆಯಲ್ಲಿ ನಮ್ಮ ಮೈಯಲ್ಲಿ ಕಾರ್ಟಿಸಾಲ್ ಅನ್ನುವ ಹಾರ್ಮೋನ್ ತಾನಾಗಿಯೇ ಏರುತ್ತದೆ. ಮೈ ದಿನದ ಕೆಲಸಕ್ಕೆ ಸಜ್ಜಾಗುವ ರೀತಿ ಅದು, ರೋಗವಲ್ಲ. ಅಂಥ ಹೊತ್ತಿನಲ್ಲಿ ಸಾಹೇಬರ ಸಿಟ್ಟಿನ ಮೆಸೇಜು ಓದಿದರೆ, ರೊಟ್ಟಿ ಹಂಚಿನ ಮುಂದೆ ನಿಂತಾಗಲೂ ತಲೆಯಲ್ಲಿ ಕಚೇರಿಯೇ ಇರುತ್ತದೆ. ಮೊಬೈಲನ್ನು ರಾತ್ರಿ ಪಡಸಾಲೆಯಲ್ಲೇ ಚಾರ್ಜಿಗೆ ಹಾಕಿ, ಅಲಾರಮ್ಮಿಗೆ ಒಂದು ಸಣ್ಣ ಗಡಿಯಾರ ತನ್ನಿ ಅಂದೆ. ರಾತ್ರಿ ಎಂಟರ ಚಹಾ ಬಿಡಲು ಹೇಳಿದೆ. ಕುಡಿದ ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ ಬೇಕು. ಹನ್ನೆರಡರವರೆಗೆ ನಿದ್ದೆ ಬಾರದಿರಲು ಅದೂ ಒಂದು ಕಾರಣ ಇರಬಹುದಿತ್ತು.

ಮೂರನೇ ಭೇಟಿಗೆ ಅತ್ತೆಯನ್ನೂ ಕರೆತರಲು ಹೇಳಿದೆ. ಮುಂಜಾನೆಯ ದೊಡ್ಡ ಹೊರೆ ಬಿಸಿರೊಟ್ಟಿ. ಹಿಟ್ಟು ನಾದಿ, ಬಡಿದು, ಸುಟ್ಟು, ಐದು ಜನಕ್ಕೆ ಆಗುವಷ್ಟು ಮಾಡಲು ಒಂದು ಗಂಟೆ ಬೇಕೇ ಬೇಕು. ಅತ್ತೆಗೆ ಮುಂಜಾನೆ ಬಿಸಿರೊಟ್ಟಿಯೇ ಆಗಬೇಕು ಅಂತ ಅಕ್ಕ ಹೇಳಿದ್ದರು. ನಾನು ಆ ಮಾತು ಎತ್ತಲಿಲ್ಲ. ನಿಮ್ಮ ಕಾಲದಲ್ಲಿ ಮುಂಜಾನೆ ಹೇಗಿರುತ್ತಿತ್ತು ಅವ್ವಾರ ಅಂತಷ್ಟೇ ಕೇಳಿದೆ.

ಅವರ ಮುಖ ಅರಳಿತು. ಆಲಮಟ್ಟಿಯ ಹಿನ್ನೀರಿಗೆ ಹೋದ ಹಳೇ ಮನೆಯ ಮಾತು ತೆಗೆದರು. “ಕತ್ತಲಾಗ ಏಳತಿದ್ವಿ. ಬೀಸುಕಲ್ಲಿನ ಮುಂದ ನಾನೂ ನೆಗೆಣ್ಣಿನೂ ಎದುರಾಬದುರಾ ಕೂಡತಿದ್ವಿ. ಹಾಡಿಕೋತ ಬೀಸತಿದ್ವಿ. ಒದರಾಕ ಯಾರಿಗೆ ಟೈಮ್ ಇತ್ತವ್ವ?” ಆಮೇಲೆ ಸೊಸೆಯ ಕಡೆ ತಿರುಗಿದರು. “ಈಕಿ ಒಬ್ಬಾಕೀನ ಮಾಡತಾಳ. ನನಗ ಕೈಯಾಡಸಾಕ ಬಿಡೂದಿಲ್ಲ.”

ಅಕ್ಕ ತಲೆ ಎತ್ತಿ ನೋಡಿದರು. ವಯಸ್ಸಾದವರಿಗೆ ಕೆಲಸ ಹಚ್ಚಬಾರದು ಅಂತ ಇವರು, ಸೊಸೆಗೆ ನಾನು ಬೇಡವಾದೆ ಅಂತ ಅವರು. ನಾನು ಇಷ್ಟು ದಿನ ಗಡಿಯಾರದ ಲೆಕ್ಕ ಮಾಡುತ್ತಿದ್ದೆ. ಅವ್ವನ ಮಾತು ಕೇಳಿದ ಮೇಲೆ ಕಣ್ಣು ತೆರೆಯಿತು. ಅವರಿಗೂ ಕೆಲಸ ಕಡಿಮೆ ಇರಲಿಲ್ಲ. ಆದರೆ ಒಂದು ಹೊತ್ತಿಗೆ ಒಂದೇ ಕೆಲಸ, ಎದುರಿಗೆ ಇನ್ನೊಂದು ಜೀವ. ನಮ್ಮ ಮುಂಜಾನೆಗಳಲ್ಲಿ ಕಳೆದುಹೋಗಿರುವುದು ಅದೇ ಅನಿಸುತ್ತದೆ ನನಗೆ.

ರೊಟ್ಟಿಯ ದಾರಿಯನ್ನು ಅವ್ವನೇ ಹೇಳಿದರು. ರವಿವಾರ ಅತ್ತೆ-ಸೊಸೆ ಕೂಡಿ ಖಡಕ್ ರೊಟ್ಟಿ ಮಾಡಿಡುವುದು. ವಾರವಿಡೀ ಕೆಡುವುದಿಲ್ಲ. ಡಬ್ಬಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಮೊಸರು, ಒಂದು ಪಲ್ಯ. ಬಿಸಿರೊಟ್ಟಿ ರಾತ್ರಿ ಊಟಕ್ಕೆ. ಕಾಯಿಪಲ್ಯ ಹೆಚ್ಚಿಡುವುದು ಅವ್ವನ ಪಾಲಿಗೆ ಬಂತು. ಗಂಡನ ಜೊತೆ ಫೋನಿನಲ್ಲಿ ಮಾತಾಡಿದೆ. ಡಬ್ಬಿ ಕಟ್ಟುವುದು, ನಳ ಬಂದ ದಿನ ನೀರು ತುಂಬುವುದು ತನಗಿರಲಿ ಅಂದರು. ಯೂನಿಫಾರ್ಮು, ಸಾಕ್ಸು, ಪಾಟೀಚೀಲ ರಾತ್ರಿಯೇ ಬಾಗಿಲ ಹತ್ತಿರ ಇಡುವುದು ಮಗನ ಕೆಲಸ.

ಮಲಗುವುದು ಹತ್ತೂವರೆಗೆ, ಏಳುವುದು ಐದು ಮುಕ್ಕಾಲಿಗೆ. ಎದ್ದ ಮೇಲೆ ಹತ್ತು ನಿಮಿಷ ಯಾವ ಕೆಲಸವೂ ಬೇಡ ಅಂದೆ. ಕಣ್ಣು ಮುಚ್ಚಿ ಕೂತು ಉಸಿರಿನ ಅಭ್ಯಾಸ ಹೇಳಿಕೊಟ್ಟರೆ ಅಕ್ಕನಿಗೆ ಹಿಡಿಸಲಿಲ್ಲ, ಕುಕ್ಕರಿನ ಯೋಚನೆಯೇ ಬರುತ್ತಿತ್ತಂತೆ. ಹಾಗಾದರೆ ರಂಗೋಲಿ ಹಾಕುವಾಗ ಮಾಡಿ ಅಂದೆ. ನಾಲ್ಕು ಎಣಿಸುತ್ತಾ ಉಸಿರು ಒಳಗೆ, ಗೆರೆ ಎಳೆಯುತ್ತಾ ಆರು ಎಣಿಸಿ ಹೊರಗೆ. ಉಸಿರು ಬಿಡುವುದು ಉದ್ದವಾದರೆ ಎದೆಬಡಿತ ನಿಧಾನವಾಗುತ್ತದೆ. ಅಂಗಳದಲ್ಲಿದ್ದರೆ ಬೆಳಗಿನ ಬೆಳಕೂ ಕಣ್ಣಿಗೆ ಬೀಳುತ್ತದೆ. ಮೈಯೊಳಗಿನ ಗಡಿಯಾರ ಸರಿಹೋಗುವುದು ಆ ಬೆಳಕಿನಿಂದಲೇ.

ಉಳಿದದ್ದು ಮಗನ ವಿಷಯ. ಇದಕ್ಕೆ ಒಂದು ಪೂರ್ತಿ ಭೇಟಿ ಕೊಟ್ಟೆ. ಅಕ್ಕ ಹೊಡೆದ ದಿನ ಸಂಜೆ ಅವನಿಗೆ ಐಸ್‌ಕ್ರೀಂ ಕೊಡಿಸಿದ್ದರು, ಆ ಮಾತು ಎತ್ತಿರಲಿಲ್ಲ. ಐಸ್‌ಕ್ರೀಂ ಸಾಲದು ಅಂದೆ. ಹೋಗಿ ಪಕ್ಕದಲ್ಲಿ ಕೂತು ತಪ್ಪಾಯಿತು ಅನ್ನಿ. ‘ನೀನು ಸಾಕ್ಸ್ ಇಟ್ಟುಕೊಂಡಿದ್ದರೆ’ ಅಂತ ಮಾತ್ರ ಸೇರಿಸಬೇಡಿ. ಹನ್ನೆರಡು ವರ್ಷದ ಹುಡುಗನಿಗೆ ಆ ಒಂದು ಮಾತು ಸೇರಿದರೆ ತಪ್ಪು ಮತ್ತೆ ಅವನದೇ ಆಗುತ್ತದೆ. ಅಕ್ಕ ಹಾಗೇ ಮಾಡಿದರು. ಅವನು ಏನೂ ಮಾತಾಡಲಿಲ್ಲವಂತೆ, ಅಮ್ಮನ ತೊಡೆಯ ಮೇಲೆ ತಲೆ ಇಟ್ಟನಂತೆ.

ಎಲ್ಲ ನೆಟ್ಟಗೆ ನಡೆಯಲಿಲ್ಲ. ಆರನೇ ವಾರ ಮನೆಯಲ್ಲಿ ಮದುವೆ, ರಾತ್ರಿಯೆಲ್ಲ ಎಚ್ಚರ, ಮರುದಿನ ಮತ್ತೆ ಒದರಾಟ. ಅಕ್ಕ ಗಾಬರಿಯಿಂದ ಫೋನ್ ಮಾಡಿದರು. ಇವತ್ತು ಬೇಗ ಮಲಗಿ, ನಾಳೆ ನೋಡೋಣ ಅಂದೆ, ಅಷ್ಟೇ ಸಾಕಾಯಿತು.

ಇದನ್ನು ಓದುವವರಲ್ಲಿ ಯಾರಿಗಾದರೂ ನಸುಕಿನ ಮೂರು ನಾಲ್ಕಕ್ಕೇ ಎಚ್ಚರವಾಗಿ ಮತ್ತೆ ನಿದ್ದೆ ಬರದಿದ್ದರೆ, ಎರಡು ವಾರ ದಾಟಿದರೂ ಯಾವುದರಲ್ಲೂ ಮನಸ್ಸು ನಿಲ್ಲದಿದ್ದರೆ, ರಂಗೋಲಿ, ಉಸಿರು ನೆಚ್ಚಿಕೊಂಡು ಕೂರಬೇಡಿ. ಅದು ಖಿನ್ನತೆ ಇರಬಹುದು. ಮಾನಸಿಕ ಆರೋಗ್ಯದ ವೈದ್ಯರನ್ನು ನೋಡಿ. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416 ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಮೂರು ತಿಂಗಳ ಮೇಲೆ ಅಕ್ಕ ಅದೇ ನೋಟ್‌ಬುಕ್ಕು ತಂದರು. ಆ ಸೋಮವಾರ ಮೂರು ಗೀಟು. ಕೆಳಗೆ ಮಗಳು ಬರೆದಿದ್ದಳು, ಒಂದು ಗೀಟು ಅಜ್ಜಿಯದು. ಅವ್ವನೂ ಈಗ ಒದರಲು ಶುರು ಮಾಡಿದ್ದಾರೆ, ಮೊಮ್ಮಗನ ಚಟ್ನಿ ಡಬ್ಬಿ ಮರೆತುಹೋಗಬಾರದು ಅಂತ.