ಉತ್ತರ: ಮಾದರಿಯಲ್ಲಿ ಬೀಜಗಳೆಲ್ಲ ಒಟ್ಟಿಗೇ ಮೊಳೆಯುವುದು ಯಾಕೆ?

ನಿಮ್ಮ ಪ್ರಶ್ನೆ ಓದಿದೆ. ನೆಟ್‌ಲೋಗೋದಲ್ಲಿ (ಇಂಥ ಮಾದರಿಗಳನ್ನು ಕಂಪ್ಯೂಟರಿನಲ್ಲಿ ಕಟ್ಟಿ ಓಡಿಸುವ ತಂತ್ರಾಂಶ) ಬೀಜಗಳ ಮಾದರಿ ಮಾಡಿದ್ದೀರಿ. 'ಈ ವರ್ಷ ಮೊಳೆಯುವ ಸಾಧ್ಯತೆ' ಅನ್ನುವ ಗುಣ ಒಂದೊಂದು ಬೀಜಕ್ಕೂ ಇದೆ, ಅದು ಮುಂದಿನ ತಲೆಮಾರಿಗೂ ಇಳಿಯುತ್ತದೆ. ಮಳೆ ನಂಬುವ ಹಾಗಿಲ್ಲ, ಹಾಗಾಗಿ ಒಂದಷ್ಟು ಬೀಜ ಮಣ್ಣಲ್ಲೇ ಉಳಿಸಿಕೊಳ್ಳುವ ಗಿಡ ಗೆಲ್ಲಬೇಕಿತ್ತು. ಆದರೆ ಎಷ್ಟು ಸಲ ಓಡಿಸಿದರೂ ಪೂರ್ತಿ ಮೊಳೆಯುವ ಬೀಜಗಳೇ ಗೆಲ್ಲುತ್ತಿವೆ ಅಂತೀರಿ, ಅಲ್ವಾ?

ನೀವು ಹಾಕಿದ ಕೋಡ್ ನೋಡಿದೆ. ತೊಂದರೆ ಇರುವುದು ಒಂದೇ ಸಾಲಿನಲ್ಲಿ. ಮಳೆ ಬಂತೋ ಇಲ್ಲವೋ ಅಂತ ನಾಣ್ಯ ಚಿಮ್ಮುವ ಸಾಲು, ಒಂದೊಂದು ಬೀಜಕ್ಕೂ ಬೇರೆ ಬೇರೆಯಾಗಿ ಕೆಲಸ ಹೇಳುವ 'ಆಸ್ಕ್' ಒಳಗಿದೆ. ಅಂದರೆ ಪ್ರತಿ ಬೀಜಕ್ಕೂ ಅದರದೇ ಮಳೆ. ಒಂದಕ್ಕೆ ಬರ, ಪಕ್ಕದ್ದಕ್ಕೆ ಸುಗ್ಗಿ. ನಾನೂ ಇದೇ ಸಾಲಿನಲ್ಲಿ ಎರಡು ವಾರ ಸಿಕ್ಕಿಹಾಕಿಕೊಂಡಿದ್ದೆ. ಕೊನೆಗೆ 5,000 ಬೀಜಗಳಲ್ಲಿ ಎಷ್ಟಕ್ಕೆ ಮಳೆ ಸಿಕ್ಕಿತು ಅಂತ ವರ್ಷವರ್ಷವೂ ಪ್ರಿಂಟ್ ಮಾಡಿಸಿದೆ: 2,489, 2,513, 2,502... ಬರದ ವರ್ಷ ಒಂದೂ ಇರಲಿಲ್ಲ! ಆ ಸಾಲನ್ನು ಎತ್ತಿ, ವರ್ಷಕ್ಕೊಮ್ಮೆ ಓಡುವ 'ಗೋ' ಭಾಗದ ಶುರುವಿಗೆ ಹಾಕಿ. ವರ್ಷಕ್ಕೆ ಒಂದೇ ನಾಣ್ಯ, ಎಲ್ಲರಿಗೂ ಒಂದೇ ಮಳೆ.

ಒಮ್ಮೆ ಕಾಗದದ ಮೇಲೂ ಲೆಕ್ಕ ಹಾಕಿ. ಮೊಳೆತ ಬೀಜ ಒಳ್ಳೆ ವರ್ಷ 4 ಬೀಜ ಕೊಡುತ್ತದೆ, ಬರದಲ್ಲಿ ಏನೂ ಇಲ್ಲ. ಮಣ್ಣಲ್ಲಿ ಮಲಗಿದ್ದು ಹಾಗೇ ಉಳಿಯುತ್ತದೆ. ಕೈಯಲ್ಲಿ 100 ಬೀಜ ಇದೆ ಅಂದುಕೊಳ್ಳಿ. ಎಲ್ಲವೂ ಮೊಳೆತರೆ ಒಳ್ಳೆ ವರ್ಷ 400, ಬರದಲ್ಲಿ 0, ಸರಾಸರಿ 200. ಅರ್ಧ ಮೊಳೆತರೆ 250 ಮತ್ತು 50, ಸರಾಸರಿ 150. ಸರಾಸರಿಯಲ್ಲಿ ಪೂರ್ತಿ ಮೊಳೆಯುವುದೇ ಮೇಲು. ಆದರೆ ವರ್ಷಗಳ ಲೆಕ್ಕ ಕೂಡುವುದಲ್ಲ, ಗುಣಿಸುವುದು. ಒಂದು ಒಳ್ಳೆ ವರ್ಷ, ಒಂದು ಬರ ಕಳೆದ ಮೇಲೆ ಅರ್ಧ ಉಳಿಸಿಕೊಂಡ ಗಿಡಕ್ಕೆ 125 ಬೀಜ ಇರುತ್ತದೆ, ಇನ್ನೊಂದಕ್ಕೆ ಒಂದೂ ಇಲ್ಲ. ಒಂದೇ ವರ್ಷ ಬಾಳುವ ಗಿಡಗಳ ಬಗ್ಗೆ ವಿಜ್ಞಾನಿ ಡ್ಯಾನ್ ಕೋಹೆನ್ 1966ರಲ್ಲೇ ಈ ಲೆಕ್ಕ ಬರೆದಿಟ್ಟಿದ್ದಾರೆ. ಕಳೆ ಕಿತ್ತು ಚೊಕ್ಕ ಮಾಡಿದ ಜಾಗದಲ್ಲೇ ಮುಂದಿನ ಮಳೆಗೆ ಮತ್ತೆ ಹಸಿರು ಏಳುತ್ತದಲ್ಲ, ಅದರ ಹಿಂದೆ ಹೀಗೆ ಮಣ್ಣಲ್ಲಿ ಕಾದು ಕೂತ ಬೀಜಗಳಿರುತ್ತವೆ.

ಬರ ಮತ್ತು ಸುಗ್ಗಿ ಸಮ ಸಮ ಇದ್ದರೆ ಈ ಅಂಕಿಗಳಿಗೆ ಮೊಳೆಯಬೇಕಾದ ಸರಿಯಾದ ಪಾಲು ಮೂರರಲ್ಲಿ ಒಂದು. ಹಾಗಾಗಿ ಸಾಲು ಸರಿಪಡಿಸಿದ ಮೇಲೆ ನಿಮ್ಮ ಗ್ರಾಫ್ 0.33ರ ಆಸುಪಾಸಿನಲ್ಲಿ ಗುಂಪುಗೂಡಬೇಕು. ಬೇರೆಲ್ಲೋ ನಿಂತರೆ ಮೊದಲು ಸಂಖ್ಯೆ ಮಿತಿಗೊಳಿಸುವ ಭಾಗ ನೋಡಿ. 5,000 ದಾಟಿದಾಗ ಯಾವ ಬೀಜ ಹೋಗಬೇಕು ಅನ್ನುವುದು ಲಾಟರಿಯಲ್ಲೇ ತೀರ್ಮಾನವಾಗಬೇಕು. ಹೊಸ ಬೀಜಗಳನ್ನೇ ಮೊದಲು ತೆಗೆದರೆ ಮಲಗಿದವಕ್ಕೆ ಸುಮ್ನೆ ಲಾಭ. 'ಹ್ಯಾಚ್' ಆದಾಗ, ಅಂದರೆ ಹೊಸ ಬೀಜ ಹುಟ್ಟಿದಾಗ, ತಾಯಿಯ ಗುಣ ತಾನಾಗಿ ಬರುತ್ತದೆ, ಅಲ್ಲಿ ಸಣ್ಣ ವ್ಯತ್ಯಾಸ ಸೇರಿಸಿದರೆ ಸಾಕು.

ಒಂದು ಓಟ ನೋಡಿ ನಂಬಬೇಡಿ. ಒಂದೇ ಮಾದರಿಯನ್ನು ಹಲವು ಸಲ ಓಡಿಸಲು ನೆಟ್‌ಲೋಗೋದಲ್ಲೇ ಇರುವ ಬಿಹೇವಿಯರ್‌ಸ್ಪೇಸ್‌ನಲ್ಲಿ 50 ಸಲವಾದರೂ ಓಡಿಸಿ. ಬೀಜಗಳೆಲ್ಲ ಸತ್ತುಹೋದ ಓಟಗಳನ್ನು ದಯವಿಟ್ಟು ಬಿಟ್ಟುಬಿಡಬೇಡಿ, ಅವೂ ಉತ್ತರವೇ.

ಇದು ಸರಿಹೋದ ಮೇಲೆ ಇನ್ನೊಂದು ಮಾಡಿ ನೋಡಿ, ನನಗೆ ಬಹಳ ಇಷ್ಟವಾದದ್ದು. ಹೋದ ವರ್ಷ ಹೇಗಿತ್ತೋ ಈ ವರ್ಷವೂ ಹಾಗೇ ಇರುವ ಸಾಧ್ಯತೆಯನ್ನು 0.8 ಮಾಡಿ. ಬರ ಸರಾಸರಿ 2 ವರ್ಷ ಇದ್ದದ್ದು 5 ವರ್ಷ ಆಗುತ್ತದೆ. ಈಗ ಬೀಜಕ್ಕೆ ಎರಡು ಗುಣ ಕೊಡಿ: ಒಳ್ಳೆ ವರ್ಷದ ನಂತರ ಮೊಳೆಯುವ ಪಾಲು ಒಂದು, ಬರದ ನಂತರದ್ದು ಇನ್ನೊಂದು. ಲೆಕ್ಕದ ಪ್ರಕಾರ ಮೊದಲನೆಯದು 0.73ರ ಹತ್ತಿರ ಏರಬೇಕು, ಎರಡನೆಯದು ಸೊನ್ನೆಗೆ ಇಳಿಯಬೇಕು. ಎರಡೂ ಗೆರೆ ಒಂದೇ ಕಡೆಯಿಂದ ಹೊರಟು ನಿಧಾನವಾಗಿ ದೂರವಾಗುವುದನ್ನು ಪರದೆಯ ಮೇಲೆ ನೋಡುವುದೇ ಒಂದು ಖುಷಿ. ನಿಮ್ಮದರಲ್ಲಿ ಎಷ್ಟು ವರ್ಷಕ್ಕೆ ಬೇರೆಯಾದವು ಅಂತ ಗ್ರಾಫ್ ಇಲ್ಲೇ ಹಾಕಿ, ನನ್ನದರ ಜೊತೆ ಇಟ್ಟು ನೋಡೋಣ.