ಸಂಬಳಕ್ಕಿಂತ ಮೊದಲು ನಿದ್ದೆಯ ಮಾತಾಡಿ

ಪ್ರಶ್ನೆ: ಅಕ್ಕ, ನನಗೆ 43 ವರ್ಷ. ಊರು ಅರಸೀಕೆರೆ ಹತ್ತಿರ. ಬೆಂಗಳೂರಿನಲ್ಲಿ ಒಂದು ಏಜೆನ್ಸಿ ಮೂಲಕ ಮನೆಗಳಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುತ್ತೇನೆ. ಈಗಿರುವ ಮನೆಯ ಅಜ್ಜಿಗೆ ಸ್ಟ್ರೋಕ್ ಆಗಿ ಬಲಗಡೆ ಸ್ವಾಧೀನ ಇಲ್ಲ. ಮನೆಯವರು ಏಜೆನ್ಸಿಗೆ ತಿಂಗಳಿಗೆ 24,000 ಕೊಡುತ್ತಾರೆ, ನನ್ನ ಕೈಗೆ ಬರುವುದು 16,000. "ಏಜೆನ್ಸಿ ಬಿಟ್ಟು ನೇರವಾಗಿ ಬಾ, 20,000 ಕೊಡ್ತೀವಿ, ನೀನು ಮನೆ ಮಗಳಿದ್ದ ಹಾಗೆ" ಅನ್ನುತ್ತಾರೆ. ಏಜೆನ್ಸಿಯವರು "ಸೈನ್ ಹಾಕಿದ್ದೀಯ, ಬಿಟ್ಟರೆ ಬೇರೆಲ್ಲೂ ಕೆಲಸ ಮಾಡೋಕೆ ಬಿಡಲ್ಲ" ಎಂದು ಹೆದರಿಸುತ್ತಾರೆ. ನನ್ನ ಒರಿಜಿನಲ್ ಆಧಾರ್ ಕಾರ್ಡೂ ಅವರ ಹತ್ತಿರವೇ ಇದೆ. ಏನು ಮಾಡಲಿ?
– ಹೆಸರು ಬೇಡ, ಬೆಂಗಳೂರು

ಉತ್ತರ: ತಂಗಿ, ನಾನೂ ಇದೇ ಕೆಲಸದಲ್ಲಿ ತಲೆಗೂದಲು ಬೆಳ್ಳಗೆ ಮಾಡಿಕೊಂಡವಳು. ಮೈಸೂರಿನಲ್ಲಿ ಮೊದಲು ಏಜೆನ್ಸಿಯಲ್ಲಿದ್ದೆ, ಆಮೇಲೆ ಸ್ವಂತಕ್ಕೆ ಹೋದೆ. ನೀವೂ ಹೋಗಿ. ಆದರೆ ಆ 20,000 ನೋಡಿಕೊಂಡು ಹೋಗಬೇಡಿ. "ಮನೆ ಮಗಳು" ಅನ್ನೋ ಮಾತು ನಂಬಿಕೊಂಡಂತೂ ಬೇಡವೇ ಬೇಡ. ಮನೆ ಮಗಳಿಗೆ ಯಾರೂ ವಾರದ ರಜೆ ಕೊಡುವುದಿಲ್ಲ, ಅಲ್ವಾ?

ಮೊದಲು ಹೆದರಿಕೆ ಬಿಡಿ. ಕೆಲಸ ಬಿಟ್ಟ ಮೇಲೆ ಬೇರೆಲ್ಲೂ ದುಡಿಯಬಾರದು ಅನ್ನುವ ಷರತ್ತಿಗೆ 1872ರ ಕರಾರು ಕಾಯ್ದೆಯ 27ನೇ ಕಲಂ ಪ್ರಕಾರ ಬೆಲೆ ಇಲ್ಲ. ಆದರೆ ಮನೆಯವರೂ ಏಜೆನ್ಸಿ ಜೊತೆ ಒಂದು ಕಾಗದಕ್ಕೆ ಸೈನ್ ಹಾಕಿರುತ್ತಾರೆ. ನಿಮ್ಮ ಹುಡುಗಿಯನ್ನು ನಾವೇ ಇಟ್ಟುಕೊಂಡರೆ ಇಷ್ಟು ದುಡ್ಡು ಕಟ್ಟುತ್ತೇವೆ ಅಂತ ಅದರಲ್ಲಿ ಇರಬಹುದು. ಅದು ಅವರ ತಲೆನೋವು, ನಿಮ್ಮದಲ್ಲ. ಆದರೂ ಆ ಕಾಗದ ಓದಿ ನೋಡಲು ಅವರಿಗೆ ಈಗಲೇ ಹೇಳಿ. ನಾಳೆ ದಂಡ ಬಂದಾಗ ನಿಮ್ಮ ಸಂಬಳದಲ್ಲಿ ಹಿಡಿಯಬಾರದು ನೋಡಿ. ಏಜೆನ್ಸಿಗೆ ಒಂದು ನೋಟಿಸ್ ಬರೆದು ಕೊಟ್ಟು, ಬಾಕಿ ಸಂಬಳ ಕೈಗೆ ಬಂದ ಮೇಲೆ ಬಿಡಿ. ಹೇಳದೆ ಕೇಳದೆ ಹೊರಟರೆ ಆ ತಿಂಗಳ ದುಡ್ಡು ಮರೆತುಬಿಡಬೇಕಾಗುತ್ತದೆ.

ಆಧಾರ್ ಕಾರ್ಡನ್ನು ಒತ್ತೆ ಇಟ್ಟುಕೊಳ್ಳುವ ಹಕ್ಕು ಅವರಿಗಿಲ್ಲ. ವಾಟ್ಸಾಪ್‌ನಲ್ಲಿ "ನನ್ನ ಕಾರ್ಡ್ ವಾಪಸ್ ಕೊಡಿ" ಅಂತ ಬರೆದು ಹಾಕಿ, ದಾಖಲೆ ಇರುತ್ತದೆ. ಕೊಡದಿದ್ದರೂ ಕೆಲಸ ನಿಲ್ಲುವುದಿಲ್ಲ. ನಿಮ್ಮ ಮೊಬೈಲ್ ನಂಬರ್ ಆಧಾರ್‌ಗೆ ಸೇರಿದ್ದರೆ ಇ-ಆಧಾರ್ ಇಳಿಸಿಕೊಳ್ಳಿ, ಅದಕ್ಕೂ ಅಷ್ಟೇ ಬೆಲೆ.

ಈಗ ದುಡ್ಡಿನ ಲೆಕ್ಕ. 16,000ದಂತೆ ವರ್ಷಕ್ಕೆ 1,92,000. ತಿಂಗಳಿಗೆ 20,000 ಬಂದರೆ ಅಷ್ಟು ದುಡಿಯಲು ಹೆಚ್ಚುಕಮ್ಮಿ ಒಂಬತ್ತೂವರೆ ತಿಂಗಳು ಸಾಕು. ಅಂದರೆ ವರ್ಷದಲ್ಲಿ ಎರಡೂವರೆ ತಿಂಗಳು ಮನೆ ಸಿಗದೆ ಕೂತರೆ ಎರಡೂ ಒಂದೇ. ಸ್ವಂತಕ್ಕೆ ಮಾಡುವವರಿಗೆ ಆ ಎರಡೂವರೆ ತಿಂಗಳು ಬರುವುದು ಕಷ್ಟವೇನಲ್ಲ. ನಮ್ಮ ಕೆಲಸದಲ್ಲಿ ಯಾರೂ ಬಾಯಿಬಿಟ್ಟು ಹೇಳದ ಸಂಗತಿ ಇದು: ಪೇಷೆಂಟ್ ತೀರಿಕೊಂಡ ದಿನವೇ ನಮ್ಮ ಕೆಲಸವೂ ಹೋಯಿತು. ಏಜೆನ್ಸಿಯಾದರೆ ಇನ್ನೊಂದು ಮನೆಗೆ ಕಳಿಸುತ್ತದೆ, ಮಧ್ಯೆ ಹಾಸ್ಟೆಲ್ಲಿನಲ್ಲಿ ಒಂದು ಚಾಪೆ ಇರುತ್ತದೆ. ಸ್ವಂತಕ್ಕಾದರೆ ತಿಥಿ ಊಟ ಮುಗಿಸಿ ಬ್ಯಾಗ್ ಹಿಡಿದು ಮೆಜೆಸ್ಟಿಕ್‌ಗೆ ಹೋಗಿ ಊರಿನ ಬಸ್ ಹತ್ತಬೇಕು. ಅದಕ್ಕೇ 22,000 ಕೇಳಿ. ಆಗಲೂ ಅವರಿಗೆ 2,000 ಉಳಿಯುತ್ತದೆ. ಜೊತೆಗೆ, ಕೆಲಸ ಏಕಾಏಕಿ ನಿಂತರೆ, ಕಾರಣ ಏನೇ ಇರಲಿ, 15 ದಿನದ ಸಂಬಳ ಅಂತ ಮೊದಲೇ ಮಾತಾಡಿಕೊಳ್ಳಿ. ಸಾವಿನ ಮನೆಯಲ್ಲಿ ನಿಂತು ದುಡ್ಡಿನ ಮಾತು ಎತ್ತಲು ನಿಮ್ಮಿಂದಲೂ ಆಗುವುದಿಲ್ಲ.

ಆದರೆ ಇದೆಲ್ಲಕ್ಕಿಂತ ಮೊದಲು ಮಾತಾಡಬೇಕಾದ್ದು ನಿದ್ದೆಯ ವಿಷಯ.

ಅಜ್ಜಿಗೆ ಬಲಗಡೆ ಸ್ವಾಧೀನ ಇಲ್ಲ ಅಂದಿರಿ. ಅವರಷ್ಟಕ್ಕೆ ಅವರು ಹೊರಳುವುದಿಲ್ಲ. ಹಾಸಿಗೆ ಹುಣ್ಣು ಆಗಬಾರದು ಅಂದರೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ರಾತ್ರಿ 11ಕ್ಕೆ ಒಮ್ಮೆ, 1ಕ್ಕೆ, 3ಕ್ಕೆ, 5ಕ್ಕೆ. 6ಕ್ಕೆ ಡಯಾಪರ್ ಬದಲಿಸಿ ಮೈ ಒರೆಸುವ ಹೊತ್ತು ಬಂದೇಬಿಟ್ಟಿತು. ಇದರಲ್ಲಿ ನೀವು ಮಲಗುವುದು ಯಾವಾಗ? "ರಾತ್ರಿ ಏನೂ ಕೆಲಸ ಇರಲ್ಲ, ಅಜ್ಜಿ ಪಕ್ಕದಲ್ಲೇ ಮಲಗಿದ್ದರೆ ಸಾಕು" ಎಂದು ಹೇಳುವವರು ಒಂದು ರಾತ್ರಿ ಅಲ್ಲಿ ಮಲಗಿ ನೋಡಲಿ. ಏರ್ ಬೆಡ್ ತರಿಸಿದರೆ ಮೈಮೇಲೆ ಒತ್ತಡ ಕಮ್ಮಿಯಾಗುತ್ತದೆ, ನಿಜ. ಹೊರಳಿಸುವ ಕೆಲಸ ತಪ್ಪುವುದಿಲ್ಲ. ಹಾಗಾಗಿ 11ರ ಮತ್ತು 1ರ ಸರದಿ ಮನೆಯವರದು, ಮಿಕ್ಕಿದ್ದು ನಿಮ್ಮದು ಅಂತಲೋ, ಮಧ್ಯಾಹ್ನ ಎರಡು ಗಂಟೆ ಬೇರೆ ರೂಮಿನಲ್ಲಿ ಬಾಗಿಲು ಹಾಕಿಕೊಂಡು ಮಲಗುತ್ತೀರಿ ಅಂತಲೋ ಖಚಿತ ಮಾಡಿಕೊಳ್ಳಿ. ಎರಡೂ ಆಗಲ್ಲ ಅಂದರೆ ರಾತ್ರಿಗೆ ಇನ್ನೊಬ್ಬರನ್ನು ಇಡಲಿ. ಇದಕ್ಕೆ ಒಪ್ಪದ ಮನೆ 25,000 ಕೊಟ್ಟರೂ ನಾನಾದರೆ ಹೋಗುವುದಿಲ್ಲ.

ಹೊರಳಿಸುವಾಗ ನಿಮ್ಮ ಸೊಂಟ ನೋಡಿಕೊಳ್ಳಿ. ಕಂಕುಳಿಗೆ ಕೈ ಹಾಕಿ ಎಳೆಯಬೇಡಿ, ಸ್ಟ್ರೋಕ್ ಆದ ಕಡೆಯ ಭುಜ ಸಡಿಲವಾಗಿರುತ್ತದೆ, ಜಾರಬಹುದು. ಒಂದು ಹಳೇ ಕಾಟನ್ ಬೆಡ್‌ಶೀಟನ್ನು ನಾಲ್ಕು ಮಡಿಕೆ ಮಾಡಿ ಅಜ್ಜಿಯ ಭುಜದಿಂದ ತೊಡೆವರೆಗೆ ಅಡಿಗೆ ಹಾಸಿ. ಮೇಲಕ್ಕೆ ಸರಿಸಬೇಕಾದಾಗ ಆ ಕಡೆ ಸೊಸೆ, ಈ ಕಡೆ ನೀವು, ಬಟ್ಟೆಯ ಅಂಚು ಸುತ್ತಿ ಹಿಡಿದು, ಮಂಡಿ ಬಗ್ಗಿಸಿ, ಒಂದೇ ಸಲ ಸರಿಸಿ. ಸೊಂಟ ಹಿಡಿದುಕೊಂಡರೆ ನಮಗೆ ಸಿಕ್ ಲೀವ್ ಯಾರು ಕೊಡುತ್ತಾರೆ?

ಇನ್ನು ಕೆಲಸದ ಗಡಿ. ಅಜ್ಜಿಯ ಗಂಜಿ, ಅಜ್ಜಿಯ ಬಟ್ಟೆ, ಅಜ್ಜಿಯ ರೂಮು ನಿಮ್ಮದು. ಮೊದಲ ವಾರ "ಎರಡು ಲೋಟ ತೊಳೆದುಬಿಡು" ಅನ್ನುತ್ತಾರೆ. ಮೂರನೇ ವಾರಕ್ಕೆ ಕುಕ್ಕರ್ ಬರುತ್ತದೆ. ಆಮೇಲೆ ನೆಂಟರು ಬಂದಾಗ ಚಪಾತಿ ಲಟ್ಟಿಸುತ್ತಾ ನಿಂತಿರುತ್ತೀರಿ, ಅಲ್ಲಿ ಅಜ್ಜಿ ಒದ್ದೆಯಲ್ಲಿ ಮಲಗಿರುತ್ತಾರೆ. ನಗುತ್ತಲೇ ಹೇಳಿ: "ಅಜ್ಜಿನ ಬಿಟ್ಟು ಬರೋಕಾಗಲ್ಲ ಮೇಡಂ." ಇಂಜೆಕ್ಷನ್, ಡ್ರಿಪ್, ಕೆಥೆಟರ್ (ಮೂತ್ರದ ನಳಿಕೆ) ಹಾಕುವುದು ನಿಮ್ಮ ಕೆಲಸವಲ್ಲ, ಎಷ್ಟೇ ಒತ್ತಾಯ ಮಾಡಲಿ. ಬೀರು ಇರುವ ರೂಮಿಗೆ ಒಬ್ಬರೇ ಹೋಗಬೇಡಿ. ಅಜ್ಜಿಯ ಮೈಮೇಲೆ ಬಳೆ, ಓಲೆ ಇದ್ದರೆ ಮೊದಲ ದಿನವೇ ಬಿಚ್ಚಿಡಲು ಹೇಳಿ, ಅಥವಾ ಏನೇನಿದೆ ಅಂತ ಸೊಸೆಯ ಎದುರು ಬರೆದಿಡಿ.

ಇವನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸೈನ್ ಹಾಕಿ. ಲಾಯರ್ ಬೇಡ, ಸುಮ್ನೆ ಕನ್ನಡದಲ್ಲಿ ಬರೆದರಾಯಿತು. ಸಂಬಳ ಎಷ್ಟು, ಯಾವ ತಾರೀಖಿಗೆ, ವಾರಕ್ಕೊಂದು ರಜೆ, ಊರಿಗೆ ಹೋಗುವ ರಜೆ, ಅಜ್ಜಿ ಆಸ್ಪತ್ರೆಗೆ ಸೇರಿದರೆ ನೀವು ಜೊತೆಗಿರಬೇಕಾ, ಅಲ್ಲಿ ನಿಮ್ಮ ಊಟ ಯಾರದು. ಸಂಬಳ ಬ್ಯಾಂಕ್ ಖಾತೆಗೇ ಬರಲಿ. ಜೊತೆಗೆ ಒಂದು ನೋಟ್‌ಬುಕ್ ಇಡಿ: ಎಷ್ಟು ಹೊತ್ತಿಗೆ ಯಾವ ಮಾತ್ರೆ, ಏನು ಊಟ, ಮೋಷನ್ ಆಯಿತಾ, ಬೆನ್ನಿನಲ್ಲಿ ಕೆಂಪಗಾಗಿದೆಯಾ. ಡಾಕ್ಟರ್ ಬಂದಾಗ ಅದನ್ನೇ ಮೊದಲು ಕೇಳುತ್ತಾರೆ. ಬಿದ್ದರು, ಹುಣ್ಣಾಯಿತು ಅಂತ ನಿಮ್ಮ ಮೇಲೆ ಮಾತು ಬಂದರೂ ಅದೇ ಆಸರೆ.

ರಜೆ ಹಾಕಿದಾಗ ಬದಲಿಗೆ ಯಾರು ಅನ್ನುವುದನ್ನೂ ಈಗಲೇ ಯೋಚಿಸಿ. ನಾವು ಮೈಸೂರಿನಲ್ಲಿ ಮೂವರು ಒಂದು ಕೂಟ ಮಾಡಿಕೊಂಡಿದ್ದೆವು. ಒಬ್ಬಳು ಊರಿಗೆ ಹೋದರೆ ಇನ್ನೊಬ್ಬಳು ಬರುತ್ತಿದ್ದಳು, ಆ ದಿನದ ಸಂಬಳ ಬಂದವಳಿಗೆ. ಒಬ್ಬರ ಮನೆ ಇನ್ನೊಬ್ಬರು ಕಿತ್ತುಕೊಳ್ಳಬಾರದು ಅನ್ನುವುದೊಂದೇ ಕಟ್ಟುಪಾಡು. ಹೊಸ ಮನೆಗಳು ಸಿಕ್ಕಿದ್ದೂ ಜಾಸ್ತಿ ಅಲ್ಲಿಂದಲೇ.

ಕೊನೆಗೆ, ಏಜೆನ್ಸಿ ಬಿಟ್ಟರೆ ಹೋಗುವ ಸೌಲಭ್ಯ. ಅವರು ಸಂಬಳದಲ್ಲಿ ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ), ಪಿಎಫ್ ಹಿಡಿಯುತ್ತಿದ್ದರೆ ಅದು ನಿಲ್ಲುತ್ತದೆ. ಪಿಎಫ್‌ನ ಯುಎಎನ್ ನಂಬರ್ ಬರೆದಿಟ್ಟುಕೊಳ್ಳಿ, ಅಲ್ಲಿರುವ ದುಡ್ಡು ನಿಮ್ಮದೇ. ಆಮೇಲೆ ಸರ್ಕಾರದ ಇ-ಶ್ರಮ್ ಪೋರ್ಟಲ್‌ನಲ್ಲಿ ಹೆಸರು ಸೇರಿಸಿ. ಅಸಂಘಟಿತ ಕಾರ್ಮಿಕರಿಗೆಂದು 2021ರಲ್ಲಿ ಶುರುವಾಗಿದ್ದು, 16ರಿಂದ 59 ವರ್ಷದವರಿಗೆ, ನೋಂದಣಿಗೆ ದುಡ್ಡಿಲ್ಲ. ಪ್ರಧಾನಮಂತ್ರಿ ಶ್ರಮಯೋಗಿ ಮಾನ್‌ಧನ್ ಮತ್ತು ಅಟಲ್ ಪಿಂಚಣಿ ಯೋಜನೆಗಳಿಗೆ ಸೇರಲು 40 ದಾಟಿರಬಾರದು, ನಿಮಗೆ ತಡವಾಯಿತು. ಆದರೆ ಬ್ಯಾಂಕಿನಲ್ಲಿ ಸುರಕ್ಷಾ ಬಿಮಾ ವರ್ಷಕ್ಕೆ 20 ರೂಪಾಯಿ, ಜೀವನ ಜ್ಯೋತಿ 436 ರೂಪಾಯಿ. ಮೊದಲನೆಯದು ಅಪಘಾತಕ್ಕೆ ಎರಡು ಲಕ್ಷದವರೆಗೆ ವಿಮೆ, ಎರಡನೆಯದು ಜೀವಕ್ಕೆ ಎರಡು ಲಕ್ಷ. ಇದೇ ತಿಂಗಳು ಫಾರಂ ತುಂಬಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಕಾರ್ಡೂ ಮಾಡಿಸಿ, ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ಚಿಕಿತ್ಸೆ. ಹೆಚ್ಚಿಗೆ ಬರುವ ದುಡ್ಡಿನಲ್ಲಿ ಎರಡು ಸಾವಿರ ಪೋಸ್ಟಾಫೀಸಿನ ಉಳಿತಾಯ ಖಾತೆಗೆ ಹೋಗಲಿ. ಮನೆ ಸಿಗದ ತಿಂಗಳಿಗೆ ಅದು.

ಪ್ರಶ್ನೆ: ನಮ್ಮ ತಂದೆಗೆ ಮೂಗಿನಲ್ಲಿ ಟ್ಯೂಬ್ ಇದೆ. ನೋಡಿಕೊಳ್ಳಲು ಬರುವ ಹೆಂಗಸು ತುಂಬಾ ಒಳ್ಳೆಯವರು. ಆದರೆ ಮಲಗಿದ್ದಲ್ಲೇ ಗಂಜಿ ಹಾಕುತ್ತಾರೆ. ಹೇಳಿದರೆ ಬೇಜಾರು ಮಾಡಿಕೊಂಡು ಬಿಟ್ಟುಹೋದರೆ ಅಂತ ಭಯ.
– ಓದುಗರು, ಶಿವಮೊಗ್ಗ

ಉತ್ತರ: ಇವತ್ತೇ ಹೇಳಿ. ಚಪ್ಪಟೆ ಮಲಗಿಸಿ ಕೊಟ್ಟರೆ ಗಂಜಿ ಮೇಲಕ್ಕೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು, ನ್ಯುಮೋನಿಯಾ ಆಗುತ್ತದೆ. ತಲೆ ಕಡೆ 30ರಿಂದ 45 ಡಿಗ್ರಿ ಎತ್ತರಿಸಬೇಕು, ಕೊಟ್ಟಾದ ಮೇಲೂ ಅರ್ಧ ಗಂಟೆಯಾದರೂ ಹಾಗೇ ಇರಬೇಕು. ಸಿರಿಂಜ್ ಒತ್ತಿ ನೂಕಬಾರದು, ಎತ್ತಿ ಹಿಡಿದು ತಾನಾಗಿ ಇಳಿಯಲು ಬಿಡಬೇಕು, ಕೊನೆಗೆ ನೀರು ಹಾಕಬೇಕು. ಕೆಮ್ಮು ಬಂದರೆ, ಉಸಿರು ಕಟ್ಟಿದ ಹಾಗಾದರೆ, ಟ್ಯೂಬ್ ಮೊದಲಿಗಿಂತ ಹೊರಗೆ ಬಂದಿದ್ದರೆ ನಿಲ್ಲಿಸಿ ಡಾಕ್ಟರಿಗೆ ಫೋನ್ ಮಾಡಿ. ಬೇಜಾರಾಗದ ಹಾಗೆ ಹೇಳುವುದು ಸುಲಭ. ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಅವರನ್ನೂ ಕರೆದುಕೊಂಡು ಹೋಗಿ, "ನಮ್ಮಿಬ್ಬರಿಗೂ ತೋರಿಸಿಕೊಡಿ ಸಿಸ್ಟರ್" ಅನ್ನಿ. ಅಲ್ಲಿಯವರೆಗೆ ದಿಂಬು ನೀವೇ ಇಡಿ.

ಪ್ರಶ್ನೆ: ಜಿಡಿಎ (ಜನರಲ್ ಡ್ಯೂಟಿ ಅಸಿಸ್ಟೆಂಟ್, ಅಂದರೆ ರೋಗಿಗಳನ್ನು ನೋಡಿಕೊಳ್ಳುವ ಸಹಾಯಕರ) ಕೋರ್ಸ್ ಮುಗಿಸಿದ್ದೇನೆ. ಸ್ವಂತಕ್ಕೆ ಕೆಲಸ ಹುಡುಕಲು ವಿಸಿಟಿಂಗ್ ಕಾರ್ಡ್ ಮಾಡಿಸುತ್ತಿದ್ದೇನೆ. "ಹೋಂ ನರ್ಸ್" ಅಂತ ಹಾಕಿಸಬಹುದಾ?
– ಓದುಗರು, ಚನ್ನರಾಯಪಟ್ಟಣ

ಉತ್ತರ: ಬೇಡಮ್ಮ. ಎಲ್ಲರೂ ಹಾಗೇ ಕರೆಯುತ್ತಾರೆ, ನಿಜ. ಆದರೆ ನರ್ಸ್ ಅನ್ನಿಸಿಕೊಳ್ಳಲು ಎಎನ್‌ಎಂ ಅಥವಾ ಜಿಎನ್‌ಎಂನಂಥ ನರ್ಸಿಂಗ್ ಓದು ಬೇಕು, ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಬೇಕು. ಕಾರ್ಡ್ ನೋಡಿ ಕರೆದವರು ನಾಳೆ ಡ್ರಿಪ್ ಹಾಕು ಅಂದರೆ ಏನು ಮಾಡುತ್ತೀರಿ? "ಜಿಡಿಎ ತರಬೇತಿ ಪಡೆದ ಕೇರ್‌ಟೇಕರ್" ಎಂದು ಹಾಕಿಸಿ. ಕೆಳಗೆ ಸ್ನಾನ, ಊಟ, ಡಯಾಪರ್, ನಡೆದಾಡಿಸುವುದು, ಬಿಪಿ ನೋಡುವುದು ಅಂತ ಬರೆಸಿ. ಹಗಲಾ, ರಾತ್ರಿಯಾ ಅನ್ನುವುದೂ ಇರಲಿ. ನಂಬರ್ ಮಾತ್ರ ಮನೆಯದು ಕೊಡಬೇಡಿ, ಕೆಲಸಕ್ಕೆ ಬೇರೆ ಸಿಮ್ ತೆಗೆದುಕೊಳ್ಳಿ.