ಬಣ್ಣ ಬರೆದಿರಿ, ಬೆಳಕು ಬಿಟ್ಟಿರಿ

ಪ್ರಿಯ ಬರಹಗಾರರೇ,

ಉಡುಪಿಯಿಂದ ನೀವು ಕಳಿಸಿದ ‘ಬಣ್ಣದ ಗಂಡು, ಹೊಸ ಜಾತಿ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅಚ್ಚು ಹಾಕಲಾರೆ. ಹಾಗೆಂದು ಎರಡು ಸಾಲಿನ ವಿಷಾದಪತ್ರ ಬರೆದು ಕೈತೊಳೆದುಕೊಳ್ಳಲೂ ಮನಸ್ಸಾಗಲಿಲ್ಲ. ಸಿಹಿನೀರಿನ ಮೀನುಗಳಲ್ಲಿ ಗಂಡಿನ ಬಣ್ಣ ಮತ್ತು ಹೆಣ್ಣಿನ ಆಯ್ಕೆಯಿಂದ ಪ್ರಭೇದಗಳು ಕವಲೊಡೆಯುವ ಕಥೆಯನ್ನು ಕನ್ನಡದಲ್ಲಿ ಬರೆಯಲು ಹೊರಟವರು ನನ್ನ ಮೇಜಿಗೆ ದಿನವೂ ಬರುವುದಿಲ್ಲ.

ಮೊದಲ ಒಂದೂವರೆ ಪುಟ ಮಲ್ಪೆ ಬಂದರಿನಲ್ಲೇ ಕಳೆದಿದೆ. ಬಂಗುಡೆ, ಬೂತಾಯಿ, ಅಂಜಲ್ ಎಲ್ಲ ಬುಟ್ಟಿಯಿಂದ ಇಳಿದವು, ಸಿಹಿನೀರಿನ ಮೀನೊಂದು ಮಾತ್ರ ಬರಲಿಲ್ಲ. ಊರಿನ ವಾಸನೆ ಇರಲಿ ಎಂದು ಹಾಗೆ ಬರೆದಿರಬೇಕು. ಅದನ್ನು ತೆಗೆಯಿರಿ. ಸುಮಾರು 15,000 ವರ್ಷಗಳ ಹಿಂದೆ ಒಣಗಿ ಮತ್ತೆ ತುಂಬಿದ ಆಫ್ರಿಕಾದ ವಿಕ್ಟೋರಿಯಾ ಸರೋವರದಲ್ಲಿ ಸಿಕ್ಲಿಡ್ ಎಂಬ ಕುಟುಂಬದ ಮೀನುಗಳ ಸುಮಾರು 500 ಪ್ರಭೇದಗಳಿವೆ ಎಂಬ ವಾಕ್ಯ ನಿಮ್ಮ ಮೂರನೆಯ ಪುಟದ ಮೂಲೆಯಲ್ಲಿ ಅಡಗಿ ಕುಳಿತಿದೆ. ಅಲ್ಲಿಂದ ಶುರು ಮಾಡಿ.

ಇನ್ನು ದೊಡ್ಡ ತಪ್ಪು. ‘ನೀರಿನಲ್ಲಿ ಕೆಂಪು ಬೆಳಕು ಮೊದಲು ಮಾಯವಾಗುತ್ತದೆ, ಆದ್ದರಿಂದ ನೀಲಿ ಮೀನು ಆಳದಲ್ಲಿದೆ’ ಎಂದಿದ್ದೀರಿ. ತಿಳಿಯಾದ ಕಡಲಿಗೆ ಮೊದಲರ್ಧ ಸರಿ. ನೀವು ಹೇಳುತ್ತಿರುವ ಸರೋವರದ ನೀರು ಕಲಕಿದ್ದು. ಅದರಲ್ಲಿ ತೇಲುವ ಕಣಗಳು ನೀಲಿ ಬೆಳಕನ್ನು ಮೇಲೆಯೇ ನುಂಗಿಬಿಡುತ್ತವೆ, ಆಳಕ್ಕಿಳಿಯುವುದು ಹಳದಿ ಮತ್ತು ಕೆಂಪು. ಆಷಾಢದ ನೇತ್ರಾವತಿಯ ಕೆನ್ನೀರು ನೋಡಿದವರಿಗೆ ಇದನ್ನು ಒಂದೇ ಸಾಲಿನಲ್ಲಿ ಅರ್ಥ ಮಾಡಿಸಬಹುದು. ಹಾಗಾಗಿ ಪುಂಡಾಮಿಲಿಯಾ ಪುಂಡಾಮಿಲಿಯಾ ಎಂಬ ಸಿಕ್ಲಿಡ್ ಪ್ರಭೇದದ ನೀಲಿ ಗಂಡು ಮೇಲಿನ ನೀರಿನಲ್ಲಿದೆ, ಅದರ ಹತ್ತಿರದ ನೆಂಟ ಪುಂಡಾಮಿಲಿಯಾ ನ್ಯೆರೆರೆಯ ಕೆಂಪು ಗಂಡು ಅದಕ್ಕಿಂತ ಕೆಳಗಿದೆ. ಕೆಳಗಿನ ಮೀನುಗಳ ಕಣ್ಣಿನ ವರ್ಣಗ್ರಾಹಿ ಪ್ರೋಟೀನು ಕೂಡ ಕೆಂಪಿನ ಕಡೆಗೆ ವಾಲಿದೆ. ಜೀವವಿಜ್ಞಾನಿ ಓಲೆ ಸೀಹೌಸೆನ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಕೆಲಸದ ತಿರುಳೇ ಇದು. ನೀವು ಬಣ್ಣವನ್ನು ಬರೆದಿರಿ, ಆ ಬಣ್ಣ ಯಾವ ಬೆಳಕಿನಲ್ಲಿ ಯಾವ ಕಣ್ಣಿಗೆ ಬೀಳುತ್ತದೆ ಎಂಬುದನ್ನು ಬಿಟ್ಟಿರಿ.

ನಿಮ್ಮ ಯಕ್ಷಗಾನ ಇಲ್ಲಿ ಕೆಲಸಕ್ಕೆ ಬರುತ್ತದೆ. ಗಂಡು ಮೀನನ್ನು ಏಳು ಸಲ ‘ಬಣ್ಣದ ವೇಷ’ ಎಂದು ಕರೆದಿದ್ದೀರಿ. ಬಣ್ಣದ ವೇಷವೆಂದರೆ ರಾಕ್ಷಸ ಎಂದು ನಮ್ಮ ಓದುಗರ ಮನೆಯ ಮಕ್ಕಳಿಗೂ ಗೊತ್ತು, ನಗುತ್ತಾರೆ. ಅದರ ಬದಲು, ದೀವಟಿಗೆಯ ಬೆಳಕಿನಲ್ಲಿ ಕೆಂಡದಂತೆ ಹೊಳೆಯುವ ಮುಖವರ್ಣಿಕೆ ಬಿಳಿ ಟ್ಯೂಬ್‌ಲೈಟಿನಡಿ ಹೇಗೆ ಬೇರೆಯೇ ಆಗಿಬಿಡುತ್ತದೆ ಎಂದು ಬರೆಯಿರಿ. ಸೀಹೌಸೆನ್ ಮತ್ತು ಅವರ ಜೊತೆ ಸಂಶೋಧಕ ವಾನ್ ಆಲ್ಫೆನ್ ಪ್ರಯೋಗದ ತೊಟ್ಟಿಯಲ್ಲಿ ಬದಲಿಸಿದ್ದೂ ಬೆಳಕನ್ನೇ. ಬಿಳಿ ಬೆಳಕಿನಲ್ಲಿ ಹೆಣ್ಣುಗಳು ತಮ್ಮ ಬಗೆಯ ಗಂಡನ್ನೇ ಆರಿಸಿದವು. ಕೆಂಪು ನೀಲಿಗಳ ಭೇದ ಅಳಿಸಿಹಾಕುವ ಕಿತ್ತಳೆ ಬೆಳಕಿನಲ್ಲಿ ಆ ಆಯ್ಕೆ ಕುಸಿದುಬಿತ್ತು. ಈ ಎರಡು ಪ್ರಭೇದಗಳ ಮಿಶ್ರ ಮರಿಗಳು ಬಂಜೆಯಲ್ಲ, ಬೆಳೆದು ಸಂತಾನ ಪಡೆಯಬಲ್ಲವು. ಅಂದರೆ ನಡುವಿನ ಬೇಲಿಯ ದೊಡ್ಡ ಪಾಲು ಇರುವುದು ಹೆಣ್ಣಿನ ನೋಟದಲ್ಲಿ. ನಿಮ್ಮ ಲೇಖನದ ಜೀವ ಇದು. ಇದಕ್ಕೆ ಒಂದೂವರೆ ಸಾಲು, ಪ್ರಣಯದ ವರ್ಣನೆಗೆ ಎರಡು ಪುಟ!

‘ಹೊಸ ಜಾತಿ ಹುಟ್ಟಿಸಲು ಹೆಣ್ಣು ಬಣ್ಣ ಆರಿಸುತ್ತದೆ’ ಎಂಬುದನ್ನು ಹೊಡೆದುಹಾಕಿದ್ದೇನೆ. ಹೆಣ್ಣಿಗೆ ಅಂಥ ಉದ್ದೇಶವೇನೂ ಇಲ್ಲ, ಎದುರಿಗಿರುವ ಗಂಡುಗಳಲ್ಲಿ ಒಂದನ್ನು ಆರಿಸುತ್ತದೆ, ಅಷ್ಟೇ. ಜಾತಿ, ತಳಿ, ಪ್ರಭೇದ ಮೂರನ್ನೂ ಮನಬಂದಂತೆ ಬಳಸಿದ್ದೀರಿ. ಪ್ರಭೇದ ಒಂದೇ ಸಾಕು. ‘ಜಾತಿ’ ಎಂಬ ಶಬ್ದಕ್ಕೆ ನಮ್ಮಲ್ಲಿ ಬೇರೆ ಹೊರೆ ಬೇಕಾದಷ್ಟಿದೆ.

ಗಪ್ಪಿಯ ಪ್ರಸಂಗ ಇರಲಿ. ಸೊಳ್ಳೆಮರಿ ತಿನ್ನಲೆಂದು ಬಾವಿಗೆ ಬಿಡುವ ಮೀನೇ ಅದು ಎಂದು ಸೇರಿಸಿ. ಆದರೆ ನೀವು ತಿಳಿದಂತೆ ಅದು ನಿಮ್ಮ ವಾದಕ್ಕೆ ಸಾಕ್ಷಿಯಲ್ಲ. ಟ್ರಿನಿಡಾಡ್‌ನ ತೊರೆಗಳಲ್ಲಿ ಜೀವವಿಜ್ಞಾನಿ ಜಾನ್ ಎಂಡ್ಲರ್ ಕಂಡದ್ದು, ಬೇಟೆ ಮೀನು ಹೆಚ್ಚಿದ್ದಲ್ಲಿ ಗಂಡು ಗಪ್ಪಿಯ ಚುಕ್ಕೆಗಳು ಮಂಕು, ಕಡಿಮೆಯಿದ್ದಲ್ಲಿ ಢಾಳು. ತೊರೆಯಿಂದ ತೊರೆಗೆ ಬಣ್ಣ ಅಷ್ಟು ಬದಲಾದರೂ ಗಪ್ಪಿ ಗಪ್ಪಿಯಾಗಿಯೇ ಉಳಿಯಿತು. ಪ್ರಭೇದ ಕವಲೊಡೆಯಲು ಬಣ್ಣವೊಂದೇ ಸಾಲದು ಎನ್ನಲು ಇದನ್ನು ಬಳಸಿ.

ಊರಿನ ವಾಸನೆ ಬೇಕೇ ಬೇಕೆಂದರೆ ನಮ್ಮಲ್ಲೇ ಸಿಕ್ಲಿಡ್ ಇದೆ: ಎಟ್ರೋಪ್ಲಸ್ ಕೆನರೆನ್ಸಿಸ್, ಹೆಸರಿನಲ್ಲೇ ಕೆನರಾ. ದಕ್ಷಿಣ ಕನ್ನಡದ ಹೊಳೆಯ ಮೀನು, ಕೇರಳದ ಕರಿಮೀನಿನ ನೆಂಟ. ಕರಿಮೀನಿನಲ್ಲಿ ಗಂಡು ಹೆಣ್ಣು ನೋಡಲು ಒಂದೇ ಬಗೆ, ಮೊಟ್ಟೆ ಮರಿ ಕಾಯುವುದು ಇಬ್ಬರ ಕೆಲಸ. ವಿಕ್ಟೋರಿಯಾದಲ್ಲಿ ಹೆಣ್ಣು ಒಂಟಿಯಾಗಿ ಮರಿಗಳನ್ನು ಬಾಯಲ್ಲಿಟ್ಟು ಸಾಕುತ್ತದೆ, ಗಂಡು ಬಣ್ಣ ಬೀಸುತ್ತಾ ಮುಂದಿನವಳಿಗೆ ಕಾಯುತ್ತದೆ. ಭಾರತದ ಸ್ವಂತ ಸಿಕ್ಲಿಡ್ ಪ್ರಭೇದಗಳು ಮೂರೇ. ಕಾರಣ ಇದೇ ಎಂದು ತೀರ್ಪು ಕೊಡಬೇಡಿ, 500 ಮತ್ತು 3 ಅನ್ನು ಪಕ್ಕಪಕ್ಕ ಇಟ್ಟು ಸುಮ್ಮನಾಗಿ.

‘ಪ್ರಕೃತಿಯನ್ನು ಉಳಿಸೋಣ’ ಎಂಬ ಕೊನೆಯ ಪ್ಯಾರಾ ಬೇಡ. ವಿಕ್ಟೋರಿಯಾದ ಮೀನುಗಳು ಅಳಿದದ್ದಕ್ಕೆ ಹೊರಗಿನಿಂದ ತಂದು ಬಿಟ್ಟ ನೈಲ್ ಪರ್ಚ್ ಎಂಬ ಬೇಟೆ ಮೀನೊಂದನ್ನೇ ದೂರಿದ್ದೀರಿ. ಅದು ತಿಂದದ್ದು ನಿಜ. ಆದರೆ ಸರೋವರಕ್ಕೆ ಹರಿದ ಕೊಳೆಯಿಂದ ನೀರು ಮಬ್ಬಾದ ಕಡೆ ಗಂಡುಗಳ ಬಣ್ಣ ಮಾಸಿ ಪ್ರಭೇದಗಳೂ ಕಡಿಮೆಯಾದವು ಎಂದು 1997ರಲ್ಲೇ ಇದೇ ಸಂಶೋಧಕರು ಬರೆದಿದ್ದಾರೆ. ಅದರೊಂದಿಗೆ ಮುಗಿಸಿ.

1,200 ಪದ ಮೀರದಂತೆ ತಿದ್ದಿ ದೀಪಾವಳಿಗೆ ಮೊದಲು ಕಳಿಸಿ. ಬಣ್ಣದ ಚಿತ್ರ ಕಳಿಸಬೇಡಿ, ನಮ್ಮ ಒಳಪುಟಗಳು ಕಪ್ಪು-ಬಿಳುಪು.

ನಿಮ್ಮ,
ಸಂಪಾದಕ, ಮಂಗಳೂರು